ಟ್ರಂಕಿನ ಮುಚ್ಚಳದಲ್ಲಿದ್ದ ಜನರಲ್

ಪ್ರತಿ ವರ್ಷ ನವೆಂಬರ್ ಬಂತೆಂದರೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪಿಂಚಣಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿಕೊಂಡು, ಸಂತೆಕಟ್ಟೆಯಲ್ಲಿ ಬಸ್ಸು ಹತ್ತಿ ಉಡುಪಿಯ ಬ್ಯಾಂಕಿಗೆ ಹೋಗುತ್ತಿದ್ದರು. ತಾನಿನ್ನೂ ಬದುಕಿದ್ದೇನೆ ಎಂದು ಪಿಂಚಣಿದಾರರು ಬರೆದುಕೊಡಬೇಕಾದ ತಿಂಗಳು ಅದು. ಬ್ಯಾಂಕಿನ ಕೆಲಸ ಮುಗಿದ ಮೇಲೆ ಅವರು ನೇರವಾಗಿ ಮನೆಗೆ ಬಂದದ್ದು ನನಗೆ ನೆನಪಿಲ್ಲ. ಅಜ್ಜರಕಾಡಿನ ಹುತಾತ್ಮ ಸ್ಮಾರಕದ ಬಳಿ ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮನೆಗೆ ಬಂದು, ಮಂಚದ ಅಡಿಯಿಂದ ಟ್ರಂಕನ್ನು ಎಳೆದು ಪುಸ್ತಕವನ್ನು ಅದರೊಳಗೆ ಇಡುತ್ತಿದ್ದರು.

ಆ ಟ್ರಂಕು ಈಗ ನನ್ನ ಬಳಿ ಇದೆ. ಕಪ್ಪು ಬಣ್ಣದ ತಗಡಿನ ಪೆಟ್ಟಿಗೆ. ಮುಚ್ಚಳದ ಮೇಲೆ ಬಿಳಿ ಪೈಂಟಿನಲ್ಲಿ ಅಪ್ಪನ ಸೇನಾ ಸಂಖ್ಯೆ, ದರ್ಜೆ, ಹೆಸರು. ದರ್ಜೆಯನ್ನು ಮೂರು ಬಾರಿ ಅಳಿಸಿ ಬರೆದ ಗುರುತು ಬೆರಳಾಡಿಸಿದರೆ ಇಂದಿಗೂ ತಿಳಿಯುತ್ತದೆ. ಮುಚ್ಚಳ ತೆರೆದರೆ ಒಳಮೈಗೆ ಗಂಜಿಯ ಅಂಟಿನಿಂದ ಅಂಟಿಸಿದ ಪತ್ರಿಕೆಯ ತುಂಡೊಂದಿದೆ. ಅಂಚುಗಳು ಪುಡಿಯಾಗಿವೆ, ಕಾಗದ ಒಣ ಅಡಿಕೆ ಹಾಳೆಯ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ಸೇನೆಯ ಟೋಪಿ ಧರಿಸಿದ, ದಪ್ಪ ಮೀಸೆಯ ಒಬ್ಬರ ಚಿತ್ರ. ಬಾಲ್ಯದಲ್ಲಿ ಅವರು ನಮ್ಮ ಕುಟುಂಬದ ಯಾರೋ ಹಿರಿಯರೆಂದೇ ನಾನು ತಿಳಿದಿದ್ದೆ. ಅವರು ಜನರಲ್ ತಿಮ್ಮಯ್ಯನವರೆಂದೂ, ಆ ತುಂಡು ಅವರು ತೀರಿಕೊಂಡ 1965ರ ಡಿಸೆಂಬರಿನದ್ದೆಂದೂ ತಿಳಿದದ್ದು ಬಹಳ ತಡವಾಗಿ.

ಅಪ್ಪ ಅವರನ್ನು ಒಮ್ಮೆಯೂ ನೋಡಿರಲಿಲ್ಲ. 1958ರಲ್ಲಿ ಸೇನೆಗೆ ದಾರಿ, ಸೇತುವೆ ಕಟ್ಟಿಕೊಡುವ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಬೆಂಗಳೂರಿನ ಹಲಸೂರಿನಲ್ಲಿರುವ ಕೇಂದ್ರಕ್ಕೆ ಸೇರಿದಾಗ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ವರ್ಷ ಕಳೆದಿತ್ತಷ್ಟೆ. ಅಪ್ಪನಿಗೆ ಮೂರು ವರ್ಷಗಳ ಸೇವೆಯಾಗುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಆದರೂ ಅಪ್ಪ ತನ್ನ ಜೀವಮಾನದಲ್ಲಿ ಇಬ್ಬರ ಬಗ್ಗೆ ಮಾತ್ರ ಸಲುಗೆಯಿಂದ ಜಗಳವಾಡುತ್ತಿದ್ದರು. ಒಬ್ಬರು ನನ್ನ ಅಜ್ಜ, ಇನ್ನೊಬ್ಬರು ತಿಮ್ಮಯ್ಯ. ಈ ಬರಹ ಆ ಎರಡನೆಯ ಜಗಳದ ಕುರಿತಾದದ್ದು.

ನಮ್ಮ ಕರಾವಳಿಯವರಿಗೆ ಕೊಡಗು ದೂರದ ನಾಡಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಸುಳ್ಯದ ಸೀಮೆ ಕೊಡಗಿನ ಅರಸರದ್ದೇ ಆಗಿತ್ತು. ಮೂರು ವರ್ಷಗಳ ಬಳಿಕ ಅಲ್ಲಿಂದ ಎದ್ದ ರೈತರ ದಂಡು ಮಂಗಳೂರಿನವರೆಗೆ ಬಂದು ಬಾವುಟಗುಡ್ಡೆಯಲ್ಲಿ ತನ್ನ ನಿಶಾನೆ ಹಾರಿಸಿತ್ತು. ಹಾಗಾಗಿ ಘಟ್ಟದ ಮೇಲಿನ ಜನರಲ್ ಒಬ್ಬರನ್ನು ಅಪ್ಪ ತಮ್ಮವರೆಂದು ಭಾವಿಸಿದ್ದರಲ್ಲಿ ನನಗೆ ಅಸಹಜವೇನೂ ಕಾಣುವುದಿಲ್ಲ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದರು. ತಿಮ್ಮಯ್ಯ ಎಂಬುದು ವಾಸ್ತವದಲ್ಲಿ ಅವರ ತಂದೆಯ ಹೆಸರು. ಸೇನೆಯಲ್ಲಿ ಅದೇ ಹೆಸರು ಅವರಿಗೆ ಗಟ್ಟಿಯಾಗಿ, ಬ್ರಿಟಿಷ್ ಅಧಿಕಾರಿಗಳ ಬಾಯಲ್ಲಿ 'ಟಿಮ್ಮಿ' ಎಂದಾಗಿ, ಕೊನೆಗೆ ಇಡೀ ಭಾರತೀಯ ಸೇನೆ ಅವರನ್ನು ಹಾಗೆಯೇ ಪ್ರೀತಿಯಿಂದ ಕರೆಯಿತು. ಕೂನೂರು, ಬೆಂಗಳೂರು, ಡೆಹ್ರಾಡೂನುಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಅವರು ಅಧಿಕಾರಿಯಾದರು. ಪರಕೀಯರ ಸೇನೆಯಲ್ಲಿ ದುಡಿಯುವುದು ಸರಿಯೇ ಎಂಬ ಪ್ರಶ್ನೆ ಆ ಕಾಲದ ಭಾರತೀಯ ಅಧಿಕಾರಿಗಳನ್ನು ನಿದ್ದೆಗೆಡಿಸುತ್ತಿತ್ತು. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರು ಈ ಪ್ರಶ್ನೆಯನ್ನು ಮೋತಿಲಾಲ್ ನೆಹರೂ ಅವರ ಮುಂದಿಟ್ಟರೆಂದೂ, ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ನುರಿತ ಸೈನಿಕರು ಬೇಕಾಗುತ್ತಾರೆ, ಆದ್ದರಿಂದ ಬಿಟ್ಟು ಬರಬೇಡಿ ಎಂಬ ಉತ್ತರ ಸಿಕ್ಕಿತೆಂದೂ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಅವರು ಉಳಿದರು. ಅವರ ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದೇ ಮನೆಯ ಇಬ್ಬರು ಒಂದೇ ಪ್ರಶ್ನೆಗೆ ಎರಡು ಉತ್ತರ ಕಂಡುಕೊಂಡರು. ಎರಡನ್ನೂ ನಾನು ಗೌರವಿಸುತ್ತೇನೆ. ಸೇನೆಯಲ್ಲಿ ಉಳಿದ ತಮ್ಮ 1945ರಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಂಗಾವ್ ಎಂಬಲ್ಲಿ ಜಪಾನೀಯರ ವಿರುದ್ಧ ತನ್ನ ಬೆಟಾಲಿಯನ್ನನ್ನು ನಡೆಸಿ ಡಿಎಸ್‌ಒ ಪದಕ ಪಡೆದರು. ಎರಡನೇ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡೊಂದನ್ನು ಮುನ್ನಡೆಸಿದ ಏಕೈಕ ಭಾರತೀಯರೂ ಅವರೇ.

ಅಪ್ಪನಿಗೆ ಇದೆಲ್ಲ ಅಷ್ಟಾಗಿ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಜೋಜಿಲಾ. ಕಾರಣ ಸರಳ: ಅಲ್ಲಿ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಅಪ್ಪನ ಭಾಷೆಯಲ್ಲಿ 'ನಮ್ಮ ತಂಬಿಗಳು'. ಮದ್ರಾಸ್ ಸ್ಯಾಪರನ್ನು ಸೇನೆಯಲ್ಲಿ ತಂಬಿ ಎನ್ನುತ್ತಾರೆ. ಹಲಸೂರಿನಲ್ಲಿ ಹೊಸ ಹುಡುಗರಿಗೆ ಸಲಿಕೆ ಹಿಡಿಯಲು ಕಲಿಸುತ್ತಲೇ ಹಳೆಯ ಹವಾಲ್ದಾರರು ಈ ಕಥೆಯನ್ನೂ ಹೇಳುತ್ತಿದ್ದರಂತೆ.

1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಮೇಜರ್ ಜನರಲ್ ತಿಮ್ಮಯ್ಯ ಅಲ್ಲಿನ ಡಿವಿಜನ್ನಿನ ಮುಖ್ಯಸ್ಥರಾಗಿದ್ದರು. ಶತ್ರು ಲೇಹದ ಹತ್ತಿರಕ್ಕೆ ಬಂದಿದ್ದ. ಲೇಹಕ್ಕೆ ಹೋಗುವ ರಸ್ತೆ ಶತ್ರುವಿನ ಕೈಯಲ್ಲಿತ್ತು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ತಮ್ಮ ಡಕೋಟಾ ವಿಮಾನವನ್ನು ಹಿಮಪರ್ವತಗಳ ಮೇಲಿಂದ ಹಾರಿಸಿ, ಸಿಂಧೂ ನದಿಯ ಬದಿಯಲ್ಲಿ ಜನ ಆತುರಾತುರವಾಗಿ ಸಮತಟ್ಟು ಮಾಡಿದ್ದ ನೆಲದ ಮೇಲೆ ಇಳಿಸಿದರು. ಅಷ್ಟು ಎತ್ತರದಲ್ಲಿ ಡಕೋಟಾ ಇಳಿದ ಉದಾಹರಣೆ ಇರಲಿಲ್ಲ. ಆ ವಿಮಾನದಲ್ಲಿ ಕುಳಿತಿದ್ದವರು ತಿಮ್ಮಯ್ಯ. ತನ್ನ ಸೈನಿಕರನ್ನು ಇಳಿಸಬೇಕಾದ ಜಾಗದಲ್ಲಿ ಮೊದಲು ತಾನು ಇಳಿಯಬೇಕು ಎಂಬುದು ಅವರ ರೀತಿಯಾಗಿತ್ತು.

ಆದರೆ ವಿಮಾನದಿಂದ ಮಾತ್ರ ಲಡಾಖನ್ನು ಉಳಿಸಿಕೊಳ್ಳಲಾಗುವುದಿಲ್ಲ; ಚಳಿಗಾಲ ಬರುವುದರೊಳಗೆ ರಸ್ತೆ ಬೇಕು, ರಸ್ತೆಗೆ ಜೋಜಿಲಾ ಕಣಿವೆದಾರಿ ಬೇಕು. ಸುಮಾರು 11,500 ಅಡಿ ಎತ್ತರದ ಆ ದಾರಿಯ ಎರಡೂ ಬದಿಯ ಬಂಡೆಗಳಲ್ಲಿ ಶತ್ರು ಮೆಷಿನ್‌ಗನ್ ಇಟ್ಟು ಕುಳಿತಿದ್ದ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು. ಆಗ ತಿಮ್ಮಯ್ಯನವರು ಯಾರೂ ನಿರೀಕ್ಷಿಸದ ನಿರ್ಧಾರ ತೆಗೆದುಕೊಂಡರು: ಕಣಿವೆಯ ಮೇಲಕ್ಕೆ ಟ್ಯಾಂಕುಗಳನ್ನು ಒಯ್ಯುವುದು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಮೇಲೆ ತಾಡಪತ್ರಿ ಹೊದೆಸಿ, ಗುಟ್ಟು ಹೊರಬೀಳದಂತೆ ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೂ, ಅಲ್ಲಿಂದ ಬಾಲ್ತಲ್‌ಗೂ ತಂದರು. ಬಾಲ್ತಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ ಮಾತ್ರ. ಅದನ್ನು ಟ್ಯಾಂಕು ಏರುವ ಅಗಲಕ್ಕೆ ಕಡಿದದ್ದು ಮೇಜರ್ ತಂಗರಾಜು ಅವರ ಮದ್ರಾಸ್ ಸ್ಯಾಪರ್ಸ್. ಗುಂಡಿನ ಸುರಿಮಳೆಯ ಎದುರು, ಹಿಮ ಬೀಳುವ ಚಳಿಯಲ್ಲಿ ಬಂಡೆ ಸಿಡಿಸುತ್ತ, ಕಲ್ಲು ಹೊರುತ್ತ ಅವರು ಆ ದಾರಿ ಮಾಡಿದರು.

ನವೆಂಬರ್ 1ರ ಮಧ್ಯಾಹ್ನ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಆ ದಾರಿಯಲ್ಲಿ ಏರಿದವು. ಡಿವಿಜನ್ನಿನ ಮುಖ್ಯಸ್ಥ ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲಿಯೇ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಿನಲ್ಲಿಯೂ ಎಣಿಸಿರಲಿಲ್ಲ. ಸಂಜೆಯೊಳಗೆ ಜೋಜಿಲಾ ನಮ್ಮದಾಯಿತು, ಅದೇ ತಿಂಗಳು ಕಾರ್ಗಿಲ್ ಕೂಡ ಕೈಗೆ ಬಂತು. ಅಪ್ಪ ಈ ಕಥೆ ಹೇಳುವಾಗ ಟ್ಯಾಂಕಿನ ಬಗ್ಗೆ ಎರಡು ವಾಕ್ಯ, ದಾರಿಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು. ಟ್ಯಾಂಕಿನ ಭಾರ ಹೊರಬೇಕಾದರೆ ಹೊರಅಂಚಿಗೆ ಎಂಥ ಕಲ್ಲು ಕೂರಿಸಬೇಕು, ತಿರುವಿನಲ್ಲಿ ಎಷ್ಟು ಅಗಲ ಬೇಕು, ಹಿಮ ಕರಗಿದ ನೀರು ಎಲ್ಲಿಂದ ಹೋಗಬೇಕು ಎಂಬುದನ್ನು ಚಾವಡಿಯ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದರು. 'ಜನರಲ್ ಮುಂದಿನ ಟ್ಯಾಂಕಲ್ಲಿ ಕೂತದ್ದು ಯಾಕೆ ಗೊತ್ತುಂಟಾ? ತಂಬಿಗಳು ಮಾಡಿದ ದಾರಿಯ ಮೇಲೆ ಅವರಿಗೆ ನಂಬಿಕೆ ಇತ್ತು ಮಾರಾಯ' ಎಂಬುದು ಅವರ ಕೊನೆಯ ಮಾತಾಗಿರುತ್ತಿತ್ತು.

ಜೋಜಿಲಾದ ವೀರನೆಂದು ತಿಮ್ಮಯ್ಯನವರನ್ನು ಎಲ್ಲರೂ ಬಲ್ಲರು. ನನಗೆ ಅವರು ಇನ್ನಷ್ಟು ದೊಡ್ಡವರಾಗಿ ಕಂಡದ್ದು ಕೊರಿಯಾದ ಕಥೆ ಓದಿದ ಮೇಲೆ. 1953ರ ಜುಲೈಯಲ್ಲಿ ಕೊರಿಯಾ ಯುದ್ಧ ನಿಂತಾಗ ಒಂದು ವಿಚಿತ್ರ ತೊಡಕು ಉಳಿಯಿತು. ಸೆರೆಸಿಕ್ಕ ಉತ್ತರ ಕೊರಿಯಾ ಮತ್ತು ಚೀನಾದ ಸೈನಿಕರಲ್ಲಿ 22,000ಕ್ಕೂ ಹೆಚ್ಚು ಮಂದಿ ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ; ಉತ್ತರ ಕೊರಿಯಾ ಮತ್ತು ಚೀನಾದ ಸೆರೆಯಲ್ಲಿದ್ದವರಲ್ಲಿಯೂ 359 ಮಂದಿ ಮರಳಲೊಲ್ಲೆವೆಂದರು. ಇವರ ಮನಸ್ಸನ್ನು ತಿಳಿದು ತೀರ್ಮಾನಿಸಲು ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷತೆ ತಿಮ್ಮಯ್ಯನವರದ್ದು. ಕೈದಿಗಳ ಕಾವಲು ಮೇಜರ್ ಜನರಲ್ ತೋರಾತ್ ಅವರ ನೇತೃತ್ವದ ಭಾರತೀಯ ಪಡೆಯದ್ದು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ನಮ್ಮ ಸೈನಿಕರು ತನ್ನ ನೆಲದಲ್ಲಿ ಕಾಲಿಡಕೂಡದೆಂದು ಹಟ ಹಿಡಿದದ್ದರಿಂದ, ಅವರನ್ನೆಲ್ಲ ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ನಮ್ಮವರು ಅಲ್ಲಿ ಕಟ್ಟಿಕೊಂಡ ಬಿಡಾರಕ್ಕೆ 'ಹಿಂದ್ ನಗರ್' ಎಂದು ಹೆಸರು.

ಕೈದಿಗಳ ನಡುವೆ ಎರಡೂ ಪಕ್ಷಗಳ ಗೂಢಚಾರರಿದ್ದರು, ಮುಳ್ಳುತಂತಿಯೊಳಗೆ ಬೆದರಿಕೆಯ ರಾಜ್ಯವಿತ್ತು, ಪ್ರತಿದಿನ ಘೋಷಣೆ, ಕಲ್ಲೆಸೆತ. ಒಮ್ಮೆ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಒಳಗೆ ಎಳೆದುಕೊಂಡಾಗ ತೋರಾತ್ ಆಯುಧವಿಲ್ಲದೆ ಒಳಗೆ ನಡೆದು ಅವರನ್ನು ಬಿಡಿಸಿಕೊಂಡು ಬಂದರು. ಕೈದಿಗಳು ತಮ್ಮ ದೇಶದ ಪ್ರತಿನಿಧಿಗಳ ಮಾತು ಕೇಳಲು ಗುಡಾರಗಳಿಂದ ಹೊರಬರಲು ನಿರಾಕರಿಸಿದಾಗ, ಬಲ ಪ್ರಯೋಗಿಸಿ ಹೊರಗೆ ತನ್ನಿ ಎಂಬ ಒತ್ತಡ ಒಂದು ಕಡೆಯಿಂದ, ಮುಟ್ಟಿದರೆ ಜೋಕೆ ಎಂಬ ಎಚ್ಚರಿಕೆ ಇನ್ನೊಂದು ಕಡೆಯಿಂದ. ಒಂದು ಆಜ್ಞೆ ಕೊಟ್ಟಿದ್ದರೆ ಸಾಕಿತ್ತು, ನೂರಾರು ಹೆಣ ಬೀಳುತ್ತಿದ್ದವು. ತಿಮ್ಮಯ್ಯನವರು ಆ ಆಜ್ಞೆ ಕೊಡಲಿಲ್ಲ. 1954ರ ಜನವರಿಯಲ್ಲಿ ಗಡುವು ಮುಗಿದಾಗ ಎರಡೂ ಕಡೆಯ ಬೈಗುಳ ಕೇಳಿಸಿಕೊಂಡು ಉಳಿದ ಕೈದಿಗಳನ್ನು ಅವರವರನ್ನು ಸೆರೆಹಿಡಿದವರಿಗೇ ಒಪ್ಪಿಸಿದರು. ಯಾವ ಕಡೆಗೂ ಹೋಗಲೊಲ್ಲದ 88 ಮಂದಿ ನಮ್ಮ ಪಡೆಯ ಜೊತೆ ಭಾರತಕ್ಕೆ ಬಂದರು. ಕೈಯಲ್ಲಿ ಬಂದೂಕಿದ್ದ ಸಾವಿರಾರು ಸೈನಿಕರನ್ನು ತಿಂಗಳುಗಟ್ಟಲೆ ಕೆರಳದಂತೆ ಹಿಡಿದಿಟ್ಟುಕೊಳ್ಳುವುದು ಜೋಜಿಲಾಕ್ಕಿಂತ ಸುಲಭದ ಕೆಲಸವೆಂದು ನನಗನಿಸುವುದಿಲ್ಲ. ಆ ವರ್ಷ ಅವರಿಗೆ ಪದ್ಮಭೂಷಣ ಬಂತು.

ಇನ್ನು ಅಪ್ಪನ ಜಗಳಕ್ಕೆ ಬರುತ್ತೇನೆ.

1957ರ ಮೇ 8ರಂದು ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಅದಕ್ಕೆ ಕೆಲವೇ ವಾರಗಳ ಮುನ್ನ ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದರು. ಮೆನನ್ ಅಸಾಧಾರಣ ಬುದ್ಧಿವಂತರು, ಆದರೆ ಅವರ ನಾಲಿಗೆ ಹರಿತ. ಮೇಲಧಿಕಾರಿಗಳನ್ನು ದಾಟಿ ಕೆಳಗಿನವರೊಡನೆ ನೇರ ವ್ಯವಹರಿಸುವ ರೂಢಿಯೂ ಇತ್ತು. ಬಡ್ತಿಗಳ ವಿಷಯದಲ್ಲಿ ಇಬ್ಬರಿಗೂ ತಿಕ್ಕಾಟ ಬೆಳೆಯಿತು. 1959ರ ಆಗಸ್ಟ್ ಕೊನೆಯಲ್ಲಿ ಈಶಾನ್ಯ ಗಡಿಯ ಲೊಂಗ್ಜುವಿನಲ್ಲಿ ಚೀನೀ ಸೈನಿಕರು ನಮ್ಮ ಠಾಣೆಯ ಮೇಲೆ ಗುಂಡು ಹಾರಿಸಿದರು. ಅದೇ ವಾರ, ಆಗಸ್ಟ್ 31ರಂದು, ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ತಿಮ್ಮಯ್ಯನವರನ್ನು ಕರೆಸಿ ಮಾತಾಡಿ ಹಿಂಪಡೆಯುವಂತೆ ಒತ್ತಾಯಿಸಿದರು, ಅವರು ಹಿಂಪಡೆದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಮಾತಾಡಿದ ನೆಹರೂ, ಜನರಲ್ ನಡೆದುಕೊಂಡ ರೀತಿ ತಕ್ಕುದಲ್ಲ ಎಂಬರ್ಥದಲ್ಲಿ ಹೇಳಿ, ಸೇನೆಯ ಮೇಲೆ ನಾಗರಿಕ ಸರ್ಕಾರದ ಅಧಿಕಾರವೇ ಅಂತಿಮ ಎಂದು ಸ್ಪಷ್ಟಪಡಿಸಿದರು.

'ಕೊಟ್ಟದ್ದನ್ನು ವಾಪಸ್ ತಗೊಳ್ಳಬಾರದಿತ್ತು' ಎಂಬುದು ಅಪ್ಪನ ವಾದ. ಅದು ಚಾವಡಿಯಲ್ಲಿ ಕುಳಿತು ಆಡಿದ ಮಾತಲ್ಲ. 1962ರಲ್ಲಿ ಅಪ್ಪ ತೇಜ್‌ಪುರದಿಂದ ಮೇಲಕ್ಕೆ ಬೊಮ್ದಿಲಾದತ್ತ ಸಾಗುವ ರಸ್ತೆಯ ಕೆಲಸದಲ್ಲಿದ್ದರು. ಬೇಸಗೆಯ ಹತ್ತಿಬಟ್ಟೆ ತೊಟ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡ ಹುಡುಗರನ್ನು ತುಂಬಿದ ಲಾರಿಗಳು ಅವರು ಕಡಿದ ರಸ್ತೆಯಲ್ಲೇ ಹಿಮದತ್ತ ಏರಿ ಹೋದದ್ದನ್ನು ಅವರು ಕಂಡಿದ್ದರು. ನವೆಂಬರಿನಲ್ಲಿ ಅದೇ ರಸ್ತೆಯಲ್ಲಿ ಕಾಲಿಗೆ ಗೋಣಿ ಸುತ್ತಿಕೊಂಡು ಇಳಿದುಬಂದವರನ್ನೂ ಕಂಡಿದ್ದರು. ಬ್ಯಾಂಕಿನಿಂದ ಬರುವಾಗ ಅಜ್ಜರಕಾಡಿನಲ್ಲಿ ನಿಲ್ಲುತ್ತಿದ್ದದ್ದು ಆ ಲಾರಿಗಳಿಗಾಗಿ. ಸೇನೆಯ ಮುಖ್ಯಸ್ಥರೇ ಹುದ್ದೆ ಬಿಟ್ಟು ಹೊರಗೆ ಬಂದಿದ್ದರೆ ದೇಶ ಮೂರು ವರ್ಷ ಮೊದಲೇ ಎಚ್ಚೆತ್ತುಕೊಳ್ಳುತ್ತಿತ್ತು, ಆ ಹುಡುಗರಿಗೆ ಉಣ್ಣೆಯ ಕೋಟಾದರೂ ಸಿಗುತ್ತಿತ್ತು ಎಂಬುದು ಅವರ ದೃಢ ನಂಬಿಕೆ.

ನಾನು ಒಪ್ಪುತ್ತಿರಲಿಲ್ಲ. ಆ ರಾಜೀನಾಮೆಯ ಹಿಂದಿನ ವರ್ಷವೇ, 1958ರ ಅಕ್ಟೋಬರಿನಲ್ಲಿ, ನೆರೆಯ ಪಾಕಿಸ್ತಾನದಲ್ಲಿ ಸೇನಾಧಿಪತಿ ಅಯೂಬ್ ಖಾನ್ ಅಧಿಕಾರವನ್ನೇ ಕೈಗೆತ್ತಿಕೊಂಡಿದ್ದರು. ಜನ ಆರಿಸಿದ ಪ್ರಧಾನಿ ಕೇಳಿಕೊಂಡಾಗ ಜನರಲ್ ಒಬ್ಬರು ಹಟ ಹಿಡಿದು, ಸೇನೆಯ ಪ್ರೀತಿಯನ್ನು ಬೆನ್ನಿಗಿಟ್ಟುಕೊಂಡು ಸರ್ಕಾರದ ಎದುರು ನಿಂತಿದ್ದರೆ, ಅದು ಎಂಥ ಮೇಲ್ಪಂಕ್ತಿಯಾಗುತ್ತಿತ್ತು? ಕೊರಿಯಾದಲ್ಲಿ ಆಜ್ಞೆ ಕೊಡದೆ ತಡೆದುಕೊಂಡ ಮನುಷ್ಯನೇ ದೆಹಲಿಯಲ್ಲಿಯೂ ತಡೆದುಕೊಂಡರು ಎಂದು ನಾನು ಭಾವಿಸುತ್ತೇನೆ. ಆದರೆ ಅಪ್ಪನ ಮಾತಿನಲ್ಲಿದ್ದ ನೋವಿಗೆ ನನ್ನಲ್ಲಿ ಉತ್ತರವಿಲ್ಲ. ಹಿಂಪಡೆದ ಮೇಲಿನ 20 ತಿಂಗಳು ತಿಮ್ಮಯ್ಯನವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಗಡಿಯ ಅಂಚಿನಲ್ಲೇ ನಿಲ್ಲದೆ, ಸಾಮಗ್ರಿ ಪೂರೈಸಬಲ್ಲಷ್ಟು ಹಿಂದೆ ನಿಂತು ಕಾದಬೇಕೆಂದು ಪೂರ್ವ ಕಮಾಂಡಿನ ತೋರಾತ್ ರೂಪಿಸಿದ ಯೋಜನೆ ಮೂಲೆಗೆ ಬಿತ್ತು. ತನ್ನ ನಂತರ ತೋರಾತ್ ಬರಬೇಕೆಂಬ ಅವರ ಸಲಹೆಯೂ ನಡೆಯಲಿಲ್ಲ. 1961ರ ಮೇ 7ರಂದು, 55ನೇ ವಯಸ್ಸಿನಲ್ಲಿ, ಅವರು ನಿವೃತ್ತರಾಗಿ ಕೊಡಗಿಗೆ ಮರಳಿದರು.

ನಿವೃತ್ತ ಜನರಲ್ ಬರೆದದ್ದನ್ನು ಯಾರು ಓದುತ್ತಾರೆ? 1962ರ ಜುಲೈಯಲ್ಲಿ, ಯುದ್ಧಕ್ಕೆ ಮೂರು ತಿಂಗಳ ಮುನ್ನ, 'ಸೆಮಿನಾರ್' ಪತ್ರಿಕೆಯಲ್ಲಿ ಅವರು ಬರೆದರು: ಭಾರತ ಒಂಟಿಯಾಗಿ ಚೀನಾವನ್ನು ನೇರ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತನಗೆ ಕಲ್ಪಿಸಿಕೊಳ್ಳಲಾಗದು, ಆ ಹೊಣೆ ರಾಜಕಾರಣಿಗಳದ್ದೂ ರಾಜತಂತ್ರಜ್ಞರದ್ದೂ ಆಗಬೇಕು ಎಂಬುದು ಅದರ ಸಾರ. ಅಕ್ಟೋಬರ್ 20ರಂದು ದಾಳಿಯಾಯಿತು. ಮೆನನ್ ಹುದ್ದೆ ತೊರೆಯಬೇಕಾಯಿತು. ಸೋಲಿನ ನಡುವೆ ರಚಿಸಿದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಸರ್ಕಾರ ತಿಮ್ಮಯ್ಯ ಮತ್ತು ತೋರಾತ್ ಇಬ್ಬರನ್ನೂ ಕರೆಯಿತು. ಇಬ್ಬರೂ ಹೋದರು. ಹೋಗದೆ ಇರಲು ಅವರಿಗೆ ಸಾಕಷ್ಟು ಕಾರಣಗಳಿದ್ದವು.

1964ರ ಜುಲೈಯಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ಸಿಗೆ ಕರೆಯಿತು. ಗ್ರೀಕ್ ಮತ್ತು ತುರ್ಕಿ ಮೂಲದ ಜನ ಒಂದೇ ದ್ವೀಪದಲ್ಲಿ ಬಡಿದಾಡುತ್ತಿದ್ದರು. ನಡುವೆ ನಿಲ್ಲಬೇಕಾದ ಶಾಂತಿಪಡೆಯ ಮುಖ್ಯಸ್ಥರಾಗಿ ಅವರು ಹೋದರು. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವಂತಿಲ್ಲ ಎಂಬುದು ಆ ಪಡೆಯ ನಿಯಮ. ಕೊರಿಯಾದ ಕೆಲಸವೇ ಮತ್ತೊಮ್ಮೆ. ಅಲ್ಲಿಯೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 59. ಬೆಂಗಳೂರಿಗೆ ತಂದು ಮಣ್ಣು ಮಾಡಿದರು. ಸೈಪ್ರಸ್ ಮರುವರ್ಷ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಅಲ್ಲಿನ ಲಾರ್ನಾಕಾ ನಗರದಲ್ಲಿ ಅವರ ಹೆಸರಿನ ರಸ್ತೆ ಇಂದಿಗೂ ಇದೆ. ರಜೆಯಲ್ಲಿ ಊರಿಗೆ ಬಂದಿದ್ದ ಅಪ್ಪ ಆ ದಿನಗಳಲ್ಲಿಯೇ ಪತ್ರಿಕೆಯನ್ನು ಕತ್ತರಿಸಿ ಟ್ರಂಕಿಗೆ ಅಂಟಿಸಿದ್ದು.

ಮಡಿಕೇರಿಯಲ್ಲಿ ಅವರು ಬೆಳೆದ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ರಾಷ್ಟ್ರಪತಿಗಳು ಉದ್ಘಾಟಿಸಿದರು. ಮರುವರ್ಷ ನವೆಂಬರಿನಲ್ಲಿ, ಬ್ಯಾಂಕಿನ ಕೆಲಸ ಮುಗಿಸಿದ ಮೇಲೆ, ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಪುತ್ತೂರು, ಸುಳ್ಯ ದಾಟುವವರೆಗೂ ಅವರು ಮಾತಾಡಲಿಲ್ಲ. ಮನೆಯೊಳಗೆ ನಿಧಾನವಾಗಿ ಒಂದೊಂದೇ ಕೋಣೆ ನೋಡಿದರು. ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕುಳಿತು ನೀರು ಕುಡಿದರು, ಅಷ್ಟೆ.

ಹಿಂದಿರುಗುವಾಗ ಸಂಪಾಜೆ ಘಾಟಿಯಲ್ಲಿ, 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಹೋಗಿದ್ದ ಕಡೆ, ಕಾರು ನಿಲ್ಲಿಸಲು ಹೇಳಿದರು. ಇಳಿದು, ಹೊಸದಾಗಿ ಕಟ್ಟಿದ ತಡೆಗೋಡೆಯ ಬಳಿ ಹೋಗಿ, ನೀರು ಹೊರಬರುವ ಕಿಂಡಿಗಳಲ್ಲಿ ಒಂದರೊಳಕ್ಕೆ ಬೆರಳು ಹಾಕಿ ನೋಡಿದರು. ಮಣ್ಣು ಕಟ್ಟಿಕೊಂಡಿತ್ತು. ಕಡ್ಡಿಯೊಂದನ್ನು ಹುಡುಕಿ ಅದನ್ನು ಕೆದಕಿ ತೆಗೆಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು: 'ರಾಜೀನಾಮೆ ವಾಪಸ್ ತಗೊಂಡ ಮರುದಿನವೂ ಅವರು ಆಫೀಸಿಗೆ ಹೋಗಿರಬೇಕಲ್ಲ. ಗೇಟಿನಲ್ಲಿದ್ದ ಸಂತ್ರಿ ಎಂದಿನ ಹಾಗೆ ಸೆಲ್ಯೂಟ್ ಹೊಡೆದಿರುತ್ತಾನೆ. ಆ ಸೆಲ್ಯೂಟ್ ತಗೊಳ್ಳುವುದು ಅವರಿಗೆ ಎಷ್ಟು ಕಷ್ಟವಾಗಿರಬಹುದು, ಅದನ್ನು ನಾನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ ಮಾರಾಯ.'

ಕಿಂಡಿಯಿಂದ ಕೆಂಪು ನೀರು ಮೊದಲು ಹನಿಹನಿಯಾಗಿ, ಆಮೇಲೆ ಎಳೆಯಾಗಿ ಹೊರಬಂತು. ಅದು ತಿಳಿಯಾಗುವವರೆಗೆ ಅವರು ಕಾಯ್ದರು. ಆಮೇಲೆ ಕೈ ಒರೆಸಿಕೊಂಡು ಬಂದು ಕಾರಿನಲ್ಲಿ ಕುಳಿತರು.